ನಮ್ಮ ಮರಡಿಯ ಸಿವಂಗಿ, ಅವರ ಸಫಾರಿ

ಸಫಾರಿ ಅನ್ನುವ ಶಬ್ದ ನಮಗೆ ದೂರದ್ದಲ್ಲ. ಬೀದರ್ ಬಸ್ ನಿಲ್ದಾಣದಲ್ಲಿ ನಿಂತ ಯಾವ ಹಿರಿಯರನ್ನಾದರೂ ಕೇಳಿ, ಸಫರ್ ಅಂದರೆ ಪ್ರಯಾಣ ಅನ್ನುತ್ತಾರೆ. ಪ್ರಯಾಣ ಮಾಡುವವನು ಮುಸಾಫಿರ. ಅರಬ್ಬಿಯ ಈ ಸಫರ್ ಒಂದು ಕಡೆ ಉರ್ದು, ದಖ್ನಿಯ ಹಾದಿ ಹಿಡಿದು ನಮ್ಮ ಮಾತಿಗೆ ಬಂತು. ಇನ್ನೊಂದು ಕಡೆ ವ್ಯಾಪಾರಿಗಳ ಹಡಗು ಹತ್ತಿ ಆಫ್ರಿಕಾದ ಪೂರ್ವ ಕರಾವಳಿಗೆ ಹೋಯಿತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅದು ಸಫಾರಿ ಆಯಿತು. ಆ ಭಾಷೆಯಲ್ಲಿ ಇವತ್ತಿಗೂ ಅದರ ಅರ್ಥ ಪ್ರಯಾಣ ಅಂತಲೇ. ಜೀಪಿನಲ್ಲಿ ಕೂತು ಸಿಂಹ ನೋಡುವುದು ಅನ್ನುವ ಅರ್ಥ ಬಿಳಿಯರು ಹೋದ ಮೇಲೆ ಅಂಟಿಕೊಂಡಿದ್ದು.

ಚಿಂತಾಕಿಯ ಚಹಾ ಹೋಟೆಲುಗಳಲ್ಲಿ ಹುಡುಗರು ಫೋನಿನಲ್ಲಿ ನೋಡುವ ವಿಡಿಯೊಗಳಲ್ಲಿ ಕೀನ್ಯಾದ ಮಸಾಯಿ ಮಾರಾ, ಟಾಂಜಾನಿಯಾದ ಸೆರೆಂಗೆಟಿ ಈಗ ಸಾಮಾನ್ಯ. ಚೀತಾ ಓಡುತ್ತದೆ, ಜಿಂಕೆ ತಪ್ಪಿಸಿಕೊಳ್ಳುತ್ತದೆ, ನದಿಯಲ್ಲಿ ಮೊಸಳೆ ಕಾಯುತ್ತದೆ. ಅಲ್ಲಿಗೆ ಹೋಗಿ ಕಣ್ಣಾರೆ ನೋಡಬೇಕೆಂದರೆ ಮಾತು ಬೇರೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು, ವಿಮಾನದ ಖರ್ಚು ಹೊರಬೇಕು. ಮಸಾಯಿ ಮಾರಾದೊಳಗೆ ಕಾಲಿಡಲು ಹೊರದೇಶದವರು ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ ತಲಾ 200 ಡಾಲರ್ ಕೊಡಬೇಕು. ನಮ್ಮ ದುಡ್ಡಿನಲ್ಲಿ ₹17,000ಕ್ಕೂ ಹೆಚ್ಚು. ಒಂದು ದಿನಕ್ಕೆ, ಒಬ್ಬರಿಗೆ, ಬರೀ ಪ್ರವೇಶಕ್ಕೆ.

ಆ ವಿಡಿಯೊಗಳಲ್ಲಿ ಪ್ರಾಣಿಗಳನ್ನು ಬಿಟ್ಟು ಹಿಂದಿರುವ ನೆಲವನ್ನು ಒಮ್ಮೆ ನೋಡಿ. ಒಣಹುಲ್ಲು, ದೂರದೂರಕ್ಕೆ ಒಂದೊಂದು ಮುಳ್ಳಿನ ಮರ, ಅಡ್ಡವೇ ಇಲ್ಲದ ಆಕಾಶ. ಸುಗ್ಗಿ ಮುಗಿದ ಮೇಲೆ ಔರಾದ್ ತಾಲ್ಲೂಕಿನ ಮರಡಿಗಳ ಮೇಲೆ ನಿಂತವರಿಗೆ ಈ ನೋಟದ ಗುರುತು ಸಿಗಬೇಕು. ಸವನ್ನಾ ಅಂದರೆ ಇಷ್ಟೇ: ಮೇಲೆ ಮರಗಳು ಒತ್ತಾಗಿ ಕೂಡದ, ಕೆಳಗೆ ಹುಲ್ಲು ಬೆಳೆಯುವ ಬಯಲು. ದಖ್ಖನ್ನಿನ ಬಹುಭಾಗ ಅಂಥದ್ದೇ ನೆಲ. ನಾವು ಇದನ್ನು ಕಾಡು ಎಂದು ಕರೆಯಲಿಲ್ಲ, ಯಾಕೆಂದರೆ ನಮ್ಮ ತಲೆಯಲ್ಲಿ ಕಾಡು ಅಂದರೆ ದಟ್ಟ ಮರಗಳು. ಸರ್ಕಾರವೂ ಕರೆಯಲಿಲ್ಲ. ಅದರಿಂದ ಏನೇನು ಆಯಿತು ಅನ್ನುವುದೇ ಈ ಬರಹ.

ನೆಂಟಸ್ತಿಕೆ ನೋಟದಲ್ಲಷ್ಟೇ ಇಲ್ಲ. ನಮ್ಮ ಅಪ್ಪಂದಿರು ಕೂರಿಗೆಗೆ, ನೇಗಿಲಿಗೆ ಕಡಿಯುತ್ತಿದ್ದ ಕರಿಜಾಲಿ ಮರ ಆಫ್ರಿಕಾದಲ್ಲೂ ತಾನಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರದವರು ಅದಕ್ಕೆ ಇಟ್ಟ ಹೆಸರಿನಲ್ಲಿ ನೈಲ್ ನದಿಯೇ ಇದೆ, ನೈಲೋಟಿಕಾ ಅಂತ. ಇನ್ನು ತಾಟಿನಲ್ಲಿರುವ ರೊಟ್ಟಿ. ಜೋಳವನ್ನು ಮನುಷ್ಯ ಮೊದಲು ಬೆಳೆಯಲು ಕಲಿತಿದ್ದು ಈಗಿನ ಸುಡಾನ್ ದೇಶದ ಸವನ್ನಾ ಬಯಲಿನಲ್ಲಿ. ಸಜ್ಜೆ ಬಂದದ್ದು ಪಶ್ಚಿಮ ಆಫ್ರಿಕಾದಿಂದ. ಎರಡೂ ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು, ಇದು ನಮ್ಮದೇ ನೆಲ ಎನ್ನುವ ಹಾಗೆ ಬೇರು ಬಿಟ್ಟವು. ಬಿಡದೆ ಏನು? ಮಳೆ ಅಂಥದ್ದೇ, ಬಿಸಿಲೂ ಅಂಥದ್ದೇ.

ಕಲ್ಯಾಣದಲ್ಲಿ ಬರೆದಿಟ್ಟ ಬೇಟೆ

ಈಗ ಚೀತಾದ ಮಾತಿಗೆ ಬರೋಣ. ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ, ಅದರಲ್ಲೂ ತೆಲುಗು ಗಡಿಯ ಊರುಗಳಲ್ಲಿ, ಚಿರುತ, ಚಿರತೆ, ಚೀತಾ ಎಲ್ಲ ಒಂದೇ ಎಂದು ಮಾತಾಡುತ್ತಾರೆ. ಅಲ್ಲ. ಚಿರತೆ ಮರ ಹತ್ತಿ, ಪೊದೆಯಲ್ಲಿ ಅಡಗಿ ಬೇಟೆಯಾಡುವ ಗಟ್ಟಿ ಮೈಯ ಪ್ರಾಣಿ. ಅದರ ಮೈಮೇಲಿನ ಚುಕ್ಕೆ ಹೂವಿನ ಹಾಗೆ ಬಿಡಿಸಿಕೊಂಡಿರುತ್ತದೆ. ಚೀತಾ ತೆಳ್ಳಗೆ, ಉದ್ದ ಕಾಲು, ಒಂಟಿ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಇಳಿದ ಹಾಗೆ ಕರಿ ಗೆರೆ. ಅದು ಬಯಲಿನ ಪ್ರಾಣಿ, ಓಡಿಯೇ ಹಿಡಿಯಬೇಕು. ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಹೆಸರಿದೆ. ಪ್ರಾಣಿಯೇ ಇಲ್ಲದ ಮೇಲೆ ಹೆಸರನ್ನು ಯಾರು ನೆನಪಿಡುತ್ತಾರೆ?

ಸಿವಂಗಿಯನ್ನು ಪಳಗಿಸಿ ಬೇಟೆಗೆ ಬಿಡುವ ಪದ್ಧತಿ ಮೊಗಲರು ತಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಚೀತಾದ ಇತಿಹಾಸ ಬರೆದ ದಿವ್ಯಭಾನುಸಿಂಹ ಅವರು, ಭಾರತದಲ್ಲಿ ಈ ಬೇಟೆಯ ಅತಿ ಹಳೆಯ ದಾಖಲೆ 'ಮಾನಸೋಲ್ಲಾಸ'ದಲ್ಲಿದೆ ಎಂದು ತೋರಿಸಿದ್ದಾರೆ. ಅದನ್ನು ಬರೆದದ್ದು, ಅಥವಾ ಬರೆಸಿದ್ದು, ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ. ಕಾಲ 12ನೇ ಶತಮಾನದ ಮೊದಲ ಅರ್ಧ. ಕಲ್ಯಾಣ ಅಂದರೆ ಈಗಿನ ನಮ್ಮ ಬಸವಕಲ್ಯಾಣ. ಅಂದರೆ ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೂ ಮುಂಚೆ, ನಮ್ಮ ಜಿಲ್ಲೆಯ ರಾಜಧಾನಿಯಲ್ಲಿ ಕೂತು ಒಬ್ಬ ರಾಜ ಸಿವಂಗಿ ಬೇಟೆಯ ವಿಷಯ ದಾಖಲು ಮಾಡಿದ್ದ.

ಈ ಪುಸ್ತಕಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಹೆಸರಿದೆ. ಸಂಸ್ಕೃತದಲ್ಲಿದೆ, ನೂರು ಅಧ್ಯಾಯ. ಅಡುಗೆ, ಆನೆ, ಕುಸ್ತಿ, ಸಂಗೀತ, ಮೀನು ಹಿಡಿಯುವುದು, ಬೇಟೆ, ರಾಜನಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಇಡ್ಲಿಯ ಹಳೆಯ ದಾಖಲೆ ಹುಡುಕುವವರೂ ಇದನ್ನೇ ತೆಗೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಇಂಥ ಪುಸ್ತಕದ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ಬೇರೆ ದುಃಖ.

ಸಿವಂಗಿ ಬೇಟೆ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಮುಂದಿನ ಶತಮಾನಗಳ ಚಿತ್ರಗಳು, ಬರಹಗಳು, ಬ್ರಿಟಿಷರ ಕಾಲದ ಫೋಟೊಗಳು ಬಿಡಿಬಿಡಿಯಾಗಿ ಹೇಳುತ್ತವೆ. ಸಿವಂಗಿಯ ಕಣ್ಣಿಗೆ ಚರ್ಮದ ಟೋಪಿ ಕಟ್ಟುತ್ತಿದ್ದರು. ಸೊಂಟಕ್ಕೆ ಹಗ್ಗ. ಕೂರಿಸುತ್ತಿದ್ದದ್ದು ಎತ್ತಿನ ಬಂಡಿಯ ಮೇಲೆ. ಯಾಕೆ ಎತ್ತಿನ ಬಂಡಿ? ಕುದುರೆ ಸವಾರ ಬಂದರೆ ಕೃಷ್ಣಮೃಗದ ಹಿಂಡು ಅರ್ಧ ಮೈಲಿ ದೂರದಿಂದಲೇ ಎದ್ದು ಓಡುತ್ತದೆ. ರೈತನ ಬಂಡಿ ಮಾತ್ರ ಅದಕ್ಕೆ ದಿನವೂ ಕಾಣುವ ವಸ್ತು. ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ಬಂಡಿ ಸುತ್ತಿ ಸುತ್ತಿ ಹತ್ತಿರ ಹೋಗುತ್ತಿತ್ತು. ನೂರಿನ್ನೂರು ಗಜದ ಅಂತರ ಉಳಿದಾಗ ಟೋಪಿ ತೆಗೆದು, ಕೊಂಬಿನ ಕರಿ ಗಂಡಿನ ಕಡೆ ಅದರ ಮುಖ ತಿರುಗಿಸಿ ಬಿಡುತ್ತಿದ್ದರು. ಮುಂದಿನದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತಿತ್ತು. ಹಿಡಿದರೆ ಕುತ್ತಿಗೆಗೆ ಬಾಯಿ ಹಾಕಿ ಕೂರುತ್ತಿತ್ತು. ಪಾಲಕ ಓಡಿ ಹೋಗಿ ಸವಟಿನಲ್ಲಿ ರಕ್ತ ಹಿಡಿದು ಅದರ ಮುಂದಿಟ್ಟು, ಅದು ಕುಡಿಯುವ ಹೊತ್ತಿಗೆ ಮತ್ತೆ ಕಣ್ಣು ಕಟ್ಟುತ್ತಿದ್ದ. ತಪ್ಪಿದರೆ ಸಿವಂಗಿ ಅಲ್ಲೇ ಕುಸಿದು ಏದುಸಿರು ಬಿಡುತ್ತಿತ್ತು, ಹಿಂದೆ ಹೋಗುತ್ತಿರಲಿಲ್ಲ.

ಬಂಡಿಯ ಈ ಉಪಾಯ ಈಗಲೂ ಕೆಲಸ ಮಾಡುತ್ತದೆ, ಕೊಲ್ಲಲು ಅಲ್ಲ, ನೋಡಲು. ಟ್ರ್ಯಾಕ್ಟರ್ ಪಕ್ಕದಲ್ಲೇ ಹಾದರೂ ಕದಲದ ಜಿಂಕೆ, ನಾವು ಗಾಡಿ ನಿಲ್ಲಿಸಿ ಕೆಳಗೆ ಇಳಿದ ಕೂಡಲೇ ಜಿಗಿಯುತ್ತದೆ. ಮಸಾಯಿ ಮಾರಾದಲ್ಲಿ ಜೀಪಿನಿಂದ ಇಳಿಯಬಾರದು ಎಂದು ಹೇಳುವುದರ ಹಿಂದೆಯೂ ಅರ್ಧ ಕಾರಣ ಇದೇ. ಇನ್ನರ್ಧ ಕಾರಣ ಸಿಂಹ.

ಬೀದರಿಗೆ ಬಂದ ಆಫ್ರಿಕಾದವರು

ನಾವು ಆಫ್ರಿಕಾಕ್ಕೆ ಪ್ರಾಣಿ ನೋಡಲು ಹೋಗುವುದಕ್ಕೂ ನೂರಾರು ವರ್ಷ ಮೊದಲು ಆಫ್ರಿಕಾದವರು ಬೀದರಿಗೆ ಬಂದಿದ್ದರು. ಅವರು ನೋಡಲು ಬಂದವರಲ್ಲ, ಮಾರಾಟವಾಗಿ ಬಂದವರು.

ಬಹಮನಿ ಸುಲ್ತಾನ ಅಹಮದ್ ಶಾ 15ನೇ ಶತಮಾನದ ಮೊದಲ ಅರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇದಕ್ಕೂ ಒಂದು ಬೇಟೆಯ ಕಥೆ ಇದೆ. ಸುಲ್ತಾನ ಇಲ್ಲಿ ಬೇಟೆಗೆ ಬಂದಾಗ ನರಿಯೊಂದು ಬೇಟೆನಾಯಿಗಳ ಮೇಲೆಯೇ ತಿರುಗಿ ಬಿತ್ತಂತೆ, ಈ ಮಣ್ಣಿನಲ್ಲಿ ಧೈರ್ಯವಿದೆ ಎಂದು ಇಲ್ಲೇ ಊರು ಕಟ್ಟಿದನಂತೆ. ಇಂಥದ್ದೇ ಕಥೆ ಮೊಲದ ಹೆಸರಿನಲ್ಲಿ ವಿಜಯನಗರಕ್ಕೂ ಇದೆ, ಹಾಗಾಗಿ ಕಥೆಯನ್ನು ಕಥೆಯ ಹಾಗೆಯೇ ಕೇಳಬೇಕು. ಆದರೆ ರಾಜಧಾನಿ ಹುಡುಕಲು ಹೊರಟ ಸುಲ್ತಾನನ ಕಥೆ ಬೇಟೆಯಿಂದ ಶುರುವಾಗುತ್ತದೆ ಅಂದರೆ, ಈ ಬಯಲಿನ ಬಗ್ಗೆ ಜನರ ನೆನಪು ಎಂಥದ್ದು ಅನ್ನುವುದು ತಿಳಿಯುತ್ತದೆ.

ಆ ದರ್ಬಾರಿನಲ್ಲಿ ಹಬ್ಶಿಗಳು ದೊಡ್ಡ ಪಂಗಡ. ಹಬಶ್ ಅಂದರೆ ಅಬಿಸೀನಿಯಾ, ಈಗಿನ ಇಥಿಯೋಪಿಯಾದ ಕಡೆ. ಕೆಂಪು ಸಮುದ್ರದ ಬಂದರುಗಳಲ್ಲಿ ಗುಲಾಮರಾಗಿ ಮಾರಾಟವಾದ ಹುಡುಗರು ದಾಭೋಳ, ಚೌಲ್ ಮುಂತಾದ ಕೊಂಕಣದ ರೇವುಗಳಲ್ಲಿ ಇಳಿದು ದಖ್ಖನ್ನಿಗೆ ಬರುತ್ತಿದ್ದರು. ಸೈನಿಕರಾದರು, ಕೆಲವರು ಸರದಾರರಾದರು. ಕಲಬುರಗಿಯ ಅಧಿಕಾರ ಹಿಡಿದ ದಸ್ತೂರ್ ದೀನಾರ್ ಹಬ್ಶಿ. 1481ರಲ್ಲಿ ಮಹಮೂದ್ ಗಾವಾನನ ತಲೆ ಕಡಿಯಲು ಸುಲ್ತಾನ ಆಜ್ಞೆ ಮಾಡಿದ್ದು ಜೌಹರ್ ಎಂಬ ಹಬ್ಶಿ ಗುಲಾಮನಿಗೆ ಎಂದು ಚರಿತ್ರೆಕಾರ ಫರಿಶ್ತಾ ಬರೆಯುತ್ತಾನೆ. 1657ರಲ್ಲಿ ಔರಂಗಜೇಬ್ ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಕೂಡ ಆಫ್ರಿಕಾ ಮೂಲದವನೇ. ಮದ್ದಿನ ಸ್ಫೋಟದಲ್ಲಿ ಮೈ ಸುಟ್ಟು ಸತ್ತ. ಬೀದರಿನ ಹಬ್ಶಿ ಕೋಟ್ ಗುಡ್ಡದ ಮೇಲಿನ ಗೋರಿಗಳು ಈ ಜನರವು. ಹೈದರಾಬಾದಿನ ಆಸ್ಪತ್ರೆಗಳಿಗೆ ಹೋಗುವ ನಮ್ಮವರು ಎ.ಸಿ. ಗಾರ್ಡ್ಸ್ ಎಂಬ ಬಡಾವಣೆ ದಾಟುತ್ತಾರಲ್ಲ, ಆ ಹೆಸರು ನಿಜಾಮನ ಆಫ್ರಿಕನ್ ಕುದುರೆ ದಳದಿಂದ ಬಂದದ್ದು.

ಹಿಡಿದು ಹಿಡಿದು ಮುಗಿಸಿದ್ದು

ಸಿವಂಗಿ ಹೋದದ್ದು ಹೇಗೆ? ಗುಂಡು ಹೊಡೆದರು, ಹೋಯಿತು ಎಂದರೆ ಅರ್ಧ ಉತ್ತರ. ಪಂಜರದಲ್ಲಿ ಸಿವಂಗಿ ಸುಲಭವಾಗಿ ಮರಿ ಹಾಕುವುದಿಲ್ಲ. ನಾಯಿ, ಕುದುರೆಯ ಹಾಗೆ ಅದನ್ನು ಮನೆಯಲ್ಲಿ ಸಾಕಿ ತಳಿ ಬೆಳೆಸಲು ಯಾರಿಂದಲೂ ಆಗಲಿಲ್ಲ. ಅಕ್ಬರನ ಹತ್ತಿರ ಒಂದೇ ಕಾಲಕ್ಕೆ ಸಾವಿರ ಸಿವಂಗಿ ಇದ್ದವು, ಆಳ್ವಿಕೆಯಲ್ಲಿ ಒಟ್ಟು 9,000 ಕೂಡಿಹಾಕಿದ್ದ ಎಂದು ಅವನ ಮಗ ಜಹಾಂಗೀರ್ ಬರೆದಿದ್ದಾನೆ. ಅರಮನೆಯಲ್ಲಿ ಒಮ್ಮೆ ಒಂದು ಹೆಣ್ಣು ಮರಿ ಹಾಕಿದ್ದನ್ನು ಜಹಾಂಗೀರ್ ಅಚ್ಚರಿಯೆಂದು ದಾಖಲಿಸಿದ. ಅದಾದ ಮೇಲೆ ಜಗತ್ತಿನಲ್ಲಿ ಮತ್ತೆ ಅಂಥ ದಾಖಲೆ ಸಿಗುವುದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ. ಅಂದರೆ ರಾಜರ ಮನೆಯಲ್ಲಿದ್ದ ಪ್ರತಿಯೊಂದು ಸಿವಂಗಿಯೂ ಯಾವುದೋ ಬಯಲಿನಲ್ಲಿ ಗುಂಡಿ ತೋಡಿ, ಬಲೆ ಹಾಕಿ ಹಿಡಿದದ್ದು. ಹಿಡಿದದ್ದು ಮತ್ತೆ ಬಯಲಿಗೆ ಹೋಗುತ್ತಿರಲಿಲ್ಲ. ಹುಲ್ಲುಗಾವಲಿನ ಬೀಜವನ್ನೇ ಶತಮಾನಗಟ್ಟಲೆ ತೆಗೆದು ತೆಗೆದು ತಿಂದ ಹಾಗಾಯಿತು.

ಬ್ರಿಟಿಷರು ಬಂದ ಮೇಲೆ ಅದು ಕುರಿ ಹಿಡಿಯುವ ದುಷ್ಟ ಪ್ರಾಣಿಗಳ ಪಟ್ಟಿಗೆ ಸೇರಿತು. ಕೊಂದು ತಂದವರಿಗೆ ಇನಾಮು. ಅದರ ಜೊತೆಗೆ ಹುಲ್ಲುಗಾವಲು ಹೊಲವಾಗುತ್ತ ಹೋಯಿತು. ಹತ್ತಿಗೆ ಬೆಲೆ ಬಂದ ಕಾಲವದು.

ಕೊನೆಗೆ ಏನಾಯಿತೆಂದರೆ ಬೇಟೆಯ ಶೋಕಿ ಉಳಿಯಿತು, ಸಿವಂಗಿ ಉಳಿಯಲಿಲ್ಲ. ಆಗ ಸಂಸ್ಥಾನದ ರಾಜರು ಆಫ್ರಿಕಾದಿಂದ ಚೀತಾ ತರಿಸಲು ಶುರು ಮಾಡಿದರು. 1918ರಿಂದ 1945ರ ನಡುವೆ ಕನಿಷ್ಠ 200 ಚೀತಾಗಳು ಹಡಗಿನಲ್ಲಿ ಬಂದವು. ತರಿಸಿದವರಲ್ಲಿ ಗುಜರಾತಿನ ಭಾವನಗರ, ನಮ್ಮ ಪಕ್ಕದ ಕೊಲ್ಹಾಪುರ ಮುಖ್ಯ. ಕೀನ್ಯಾದ ಬಯಲಿನಲ್ಲಿ ಹುಟ್ಟಿದ ಚೀತಾ ದಖ್ಖನ್ನಿನ ಬಯಲಿನಲ್ಲಿ ಎತ್ತಿನ ಬಂಡಿಯಿಂದ ಇಳಿದು ನಮ್ಮ ಕೃಷ್ಣಮೃಗದ ಹಿಂದೆ ಓಡಿತು. ಹೊಸ ನೆಲವೆಂದು ಅದಕ್ಕೆ ಅನ್ನಿಸಿತೋ ಇಲ್ಲವೋ.

1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ರಾಜ ರಾಮಾನುಜ ಪ್ರತಾಪ ಸಿಂಗ್ ದೇವ್ ರಾತ್ರಿ ಗಾಡಿಯಲ್ಲಿ ಹೋಗುವಾಗ ದೀಪದ ಬೆಳಕಿಗೆ ಸಿಕ್ಕ ಮೂರು ಗಂಡು ಚೀತಾಗಳನ್ನು ಹೊಡೆದ. ನಮ್ಮ ದೇಶದ ಕೊನೆಯ ಚೀತಾಗಳೆಂದು ಸಾಮಾನ್ಯವಾಗಿ ಹೇಳುವುದು ಇವನ್ನೇ. 1952ರಲ್ಲಿ ಸರ್ಕಾರ ಚೀತಾ ಇಲ್ಲವಾಯಿತು ಎಂದು ಘೋಷಿಸಿತು. ಅದಾಗಿ 70 ವರ್ಷದ ಮೇಲೆ, 2022ರ ಸೆಪ್ಟೆಂಬರ್ 17ರಂದು, ನಮೀಬಿಯಾದಿಂದ 8 ಚೀತಾ ವಿಮಾನದಲ್ಲಿ ಬಂದು ಮಧ್ಯಪ್ರದೇಶದ ಕೂನೊ ರಾಷ್ಟ್ರೀಯ ಉದ್ಯಾನಕ್ಕೆ ಇಳಿದವು. 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೂ 12. ಟಿವಿಯಲ್ಲಿ ಇದನ್ನು ಎಂದೂ ನಡೆಯದ ಸಂಗತಿ ಎಂಬಂತೆ ತೋರಿಸಿದರು. ಕೊಲ್ಹಾಪುರದ ಹಳೆಯ ಬೇಟೆಗಾರರಿದ್ದಿದ್ದರೆ ನಗುತ್ತಿದ್ದರು. ಆದರೆ ಉದ್ದೇಶ ಬೇರೆ ಅನ್ನುವುದನ್ನು ಒಪ್ಪಬೇಕು. ಅಂದು ಕೊಲ್ಲಿಸಲು ತಂದರು, ಇಂದು ಬದುಕಿಸಲು.

ಆ ಬಯಲು ಖಾಲಿ ಇರಲಿಲ್ಲ

ಆಫ್ರಿಕಾದ ಉದ್ಯಾನಗಳನ್ನು ನೋಡುವ ನಮಗೆ ಅದು ಸೃಷ್ಟಿಯ ಮೊದಲ ದಿನದಿಂದ ಹಾಗೇ ಇದ್ದ ಜಾಗ ಅನ್ನಿಸುತ್ತದೆ. ಮನುಷ್ಯರಿಲ್ಲ, ಬೇಲಿಯಿಲ್ಲ, ಬರೀ ಪ್ರಾಣಿ. ನಿಜ ಸಂಗತಿ ಬೇರೆ, ಮತ್ತು ಅದರಲ್ಲಿ ದನಗಾಹಿಗಳಿಗೆ ತಿಳಿಯಬೇಕಾದ್ದು ಬಹಳ ಇದೆ.

ದನಗಳ ದೊಡ್ಡರೋಗ ನಮ್ಮ ಹಿರಿಯರಿಗೆ ಗೊತ್ತು. ಮೂಗು ಬಾಯಿ ಸೋರಿ, ಭೇದಿ ಹತ್ತಿ, ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿದ್ದ ಕಾಯಿಲೆ. ಆಫ್ರಿಕಾದ ಬಹುಭಾಗಕ್ಕೆ ಅದು ಗೊತ್ತೇ ಇರಲಿಲ್ಲ. 1887ರ ಸುಮಾರಿಗೆ ಈಗಿನ ಎರಿಟ್ರಿಯಾಕ್ಕೆ, ಇಟಲಿಯ ಸೈನ್ಯಕ್ಕೆಂದು ತಂದ ದನಗಳ ಜೊತೆ ಅದು ಕಾಲಿಟ್ಟಿತು. ಆ ದನಗಳು ಭಾರತದಿಂದ ಹೋದವು ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ಹತ್ತು ವರ್ಷದೊಳಗೆ ರೋಗ ಆಫ್ರಿಕಾದ ದಕ್ಷಿಣ ತುದಿ ಮುಟ್ಟಿತು. ಪೂರ್ವ ಆಫ್ರಿಕಾದಲ್ಲಿ ಹತ್ತರಲ್ಲಿ ಒಂಬತ್ತು ದನ ಸತ್ತವು ಎಂಬ ಅಂದಾಜಿದೆ. ಇಥಿಯೋಪಿಯಾದಲ್ಲಿ ಭೀಕರ ಬರ. ದನಗಳೇ ಸರ್ವಸ್ವವಾಗಿದ್ದ ಮಸಾಯಿ ಜನ ಹಸಿವಿನಿಂದ, ಸಿಡುಬಿನಿಂದ ಸತ್ತರು. ಉಳಿದವರು ಚದುರಿದರು.

ಬಿಳಿಯರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಇದರ ಬೆನ್ನಲ್ಲೇ. ಅವರ ಕಣ್ಣಿಗೆ ಬಯಲು ಖಾಲಿ ಕಂಡಿತು. ಕೀನ್ಯಾದಲ್ಲಿ 1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಮಸಾಯಿಗಳ ಒಳ್ಳೆಯ ಹುಲ್ಲುಗಾವಲು ಬಿಳಿಯ ರೈತರ ಪಾಲಾಯಿತು. 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾಯಿತು. ಆ ಹೆಸರೇ ಮಸಾಯಿ ಮಾತು, ಕೊನೆಯಿಲ್ಲದ ಬಯಲು ಎಂಬ ಅರ್ಥ ಹೇಳುತ್ತಾರೆ. ಹೆಸರು ಕೊಟ್ಟವರನ್ನೇ 1959ರಲ್ಲಿ ಉದ್ಯಾನದಿಂದ ಹೊರಗೆ ಕಳಿಸಿದರು, ಪಕ್ಕದ ಎನ್ಗೊರೊಂಗೊರೊ ಪ್ರದೇಶದಲ್ಲಿ ಇರಿ ಎಂದು. ಅದೇ ವರ್ಷ ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಸೆರೆಂಗೆಟಿ ಸಾಯಬಾರದು ಎಂಬ ಹೆಸರಿನ ಸಿನಿಮಾ ಮಾಡಿ ಪ್ರಪಂಚದ ಮನಸ್ಸು ಗೆದ್ದ. ಒಳ್ಳೆಯ ಮನುಷ್ಯ, ಪ್ರಾಣಿಗಳಿಗಾಗಿ ಬಹಳ ದುಡಿದವ. ಆದರೆ ಉದ್ಯಾನದಲ್ಲಿ ಮನುಷ್ಯರೇ ಇರಬಾರದು, ಅಲ್ಲಿಯವರಾದರೂ ಸರಿ, ಎಂಬುದು ಅವನ ಖಚಿತ ಮಾತು.

ಅಲ್ಲಿಯ ಜನಕ್ಕೆ ಹೇಳಬೇಕಾದ್ದು ಇನ್ನೂ ಒಂದಿದೆ. ಪ್ರವಾಸಿಗರು ಈಗ ನೋಡಲು ಹೋಗುವ ವೈಲ್ಡ್‌ಬೀಸ್ಟ್ ಹಿಂಡು, ಮಾರಾ ನದಿ ದಾಟುವ ಆ ಲಕ್ಷಾಂತರ ಕೊಂಬುಗಳು, 1960ರ ದಶಕದ ಶುರುವಿನಲ್ಲಿ ಎರಡೂವರೆ ಲಕ್ಷದ ಆಸುಪಾಸು ಇದ್ದವು. 1970ರ ದಶಕ ಮುಗಿಯುವ ಹೊತ್ತಿಗೆ 13 ಲಕ್ಷ ಮುಟ್ಟಿದವು. ಹೇಗೆ? ಸುತ್ತಲಿನ ದನಗಾಹಿಗಳ ದನಗಳಿಗೆ ದೊಡ್ಡರೋಗದ ಲಸಿಕೆ ಹಾಕಿದರು. ದನಗಳಲ್ಲಿ ರೋಗ ನಿಂತಿತು, ಕಾಡಿನ ಕರುಗಳು ಸಾಯುವುದು ನಿಂತಿತು. ಕಾಡುಪ್ರಾಣಿಗಳಿಗೆ ರೋಗ ಹಚ್ಚುವವರು ದನಗಾಹಿಗಳು ಎಂದು ಬೈಸಿಕೊಂಡವರ ಕೊಟ್ಟಿಗೆಯಲ್ಲಿ ಚುಚ್ಚಿದ ಸೂಜಿಯಿಂದ ಪ್ರಪಂಚದ ಅತಿ ದೊಡ್ಡ ಹಿಂಡುಗಳಲ್ಲೊಂದು ಎದ್ದು ನಿಂತಿತು. 2011ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತು ಎಂದು ಘೋಷಣೆಯಾಯಿತು. ನಮ್ಮ ದೇವಣಿ ಹಸುಗಳಿಗೆ ಲಸಿಕೆ ಹಾಕಿಸಿದ ನಮ್ಮ ಹಿರಿಯರ ಪಾಲೂ ಅದರಲ್ಲಿದೆ.

ಕೀನ್ಯಾದ ಕಡೆ 2005ರ ನಂತರ ಬೇರೆ ದಾರಿ ಹುಡುಕಿದರು. ಮಸಾಯಿ ಮಾರಾ ಮೀಸಲು ಪ್ರದೇಶದ ಹೊರಗೆ ಮಸಾಯಿ ಕುಟುಂಬಗಳ ಪಟ್ಟಾ ಜಮೀನಿದೆ. ಪ್ರವಾಸಿ ಬಿಡಾರದವರು ಆ ಜಮೀನನ್ನು ಗುತ್ತಿಗೆಗೆ ಪಡೆದು, ಪ್ರತಿ ಕುಟುಂಬಕ್ಕೆ ಬಾಡಿಗೆ ಕೊಡುತ್ತಾರೆ. ಬದಲಿಗೆ ಬೇಲಿ ಹಾಕಬಾರದು, ಉಳಬಾರದು, ದನ ಮೇಯಿಸುವುದು ಒಪ್ಪಿದ ನಿಯಮದ ಪ್ರಕಾರ. ತಕರಾರು ಇಲ್ಲವೆಂದಲ್ಲ. ಪ್ರವಾಸಿಗರು ಬರದ ಕರೋನಾ ವರ್ಷದಲ್ಲಿ ಬಾಡಿಗೆಗೂ ಕುತ್ತು ಬಂತು. ಆದರೂ ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಕೈಗೆ ದುಡ್ಡು ಹೋಗುತ್ತದೆ ಅನ್ನುವುದು 1959ಕ್ಕಿಂತ ದೊಡ್ಡ ಬದಲಾವಣೆ.

ಇನ್ನು ನಮ್ಮ ಗಾಯರಾಣ

ಸಿವಂಗಿ ಹೋಯಿತು. ಅದು ಬೆನ್ನಟ್ಟುತ್ತಿದ್ದ ಕೃಷ್ಣಮೃಗ ಉಳಿದಿದೆ. ಬೀದರ್ ಹತ್ತಿರದ ಹೊನ್ನಿಕೇರಿ ಕಾಡಿನ ಸುತ್ತಮುತ್ತ, ಹೊಲಗಳ ನಡುವೆ ಉಳಿದ ಮರಡಿಗಳಲ್ಲಿ ಅವು ಕಾಣುತ್ತವೆ. ಗಂಡು ಮೇಲೆ ಕಪ್ಪು, ಕೆಳಗೆ ಬಿಳಿ, ಕೊಂಬು ತಿರುಪಿನ ಹಾಗೆ. ಇದು ಆಫ್ರಿಕಾದಲ್ಲಿ ಎಲ್ಲೂ ಇಲ್ಲ. ದಾರಿಯಲ್ಲಿ ಸುಮ್ಮನೆ ಕಾಣುವುದರಿಂದ ನಮಗೆ ಅದರ ಬೆಲೆ ಗೊತ್ತಾಗುವುದಿಲ್ಲ.

ಹೊಲ ಇರುವವರಿಗೆ ಅದರ ಬೆಲೆ ಬೇರೆ ರೀತಿ ಗೊತ್ತು. ಮುಂಗಾರಿನಲ್ಲಿ ಹೆಸರು, ಉದ್ದು, ಸೋಯಾ ಎಳೆಯದಾಗಿರುವಾಗ, ಹಿಂಗಾರಿನಲ್ಲಿ ಕಡಲೆ ಚಿಗುರಿದಾಗ ಹಿಂಡು ಇಳಿದರೆ ಒಂದು ರಾತ್ರಿ ಸಾಕು. 1972ರ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಹುಲಿಗೆ ಇದ್ದಷ್ಟೇ ರಕ್ಷಣೆ. ಕಲ್ಲು ಹೊಡೆಯುವುದಕ್ಕೂ ಹೆದರಬೇಕು. ಹೊಲದ ಬದುವಿನಲ್ಲಿ ಕೂತ ಕಾಕಾ ಒಬ್ಬರು ನನಗೆ ಹೇಳಿದ್ದು ಹೀಗೆ: "ತಮ್ಮಾ, ನೀ ಬರ್ತಿ, ಫೋಟೊ ಹೊಡ್ಕೊಂಡ್ ಹೋಗ್ತಿ. ರಾತ್ರಿ ಕಾಯಾವ ನಾ. ಮೊದ್ಲು ಅವಕ್ಕೂ ಮೇಯ್ಲಕ್ಕ ಜಾಗ ಇತ್ತು, ನಮ್ ದನಕ್ಕೂ ಇತ್ತು. ಈಗ ಇಬ್ಬರಿಗೂ ಇಲ್ಲ."

ಆ ಜಾಗ ಅಂದರೆ ಗಾಯರಾಣ. ನಿಜಾಮರ ಕಾಲದಿಂದ ಊರ ದನಗಳಿಗೆಂದು ಬಿಟ್ಟ ಹುಲ್ಲುನೆಲ. ಅದರಲ್ಲಿ ಅರ್ಧಕ್ಕರ್ಧ ಯಾವಾಗ ಯಾರ ಹೆಸರಿಗೆ ಹೋಯಿತು ಎಂದು ಪ್ರತಿ ಊರಿನಲ್ಲೂ ಒಂದೊಂದು ಕಥೆ ಇದೆ, ಇಲ್ಲಿ ಬೇಡ. ಉಳಿದದ್ದಕ್ಕೆ ಕಾಗದದಲ್ಲಿ ಸಿಕ್ಕ ಹೆಸರು ಬಂಜರು. ಕೇಂದ್ರ ಸರ್ಕಾರ 2000ದಿಂದ ಪ್ರಕಟಿಸುತ್ತ ಬಂದ ಬಂಜರು ಭೂಮಿಯ ನಕ್ಷೆಗಳಲ್ಲಿ ಕುರುಚಲು ಮತ್ತು ಹುಲ್ಲಿನ ಬಯಲುಗಳು ದೊಡ್ಡ ಪಾಲು. ಬಂಜರು ಅಂದ ಮೇಲೆ ಅದನ್ನು ಯಾವುದಕ್ಕಾದರೂ ಉಪಯೋಗ ಮಾಡಬೇಕು ಎಂದಾಗುತ್ತದೆ. ಕಟ್ಟಡ ಬರಲಿ, ಸೋಲಾರ್ ಬರಲಿ, ಇಲ್ಲವೇ ನೀಲಗಿರಿ ಹಚ್ಚಿ.

ಮರ ಹಚ್ಚುವುದು ಪುಣ್ಯದ ಕೆಲಸ ಅನ್ನುವವರಿಗೆ ರಾಣೆಬೆನ್ನೂರಿನ ಉದಾಹರಣೆ ಹೇಳಬೇಕು. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ 119 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದರು. ಅದರ ಬಹುಭಾಗದಲ್ಲಿ ನೀಲಗಿರಿ ತೋಪು. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡರೆ ಓಡುವ ಪ್ರಾಣಿಗೆ ಮರದ ಸಾಲು ಗೋಡೆ ಇದ್ದ ಹಾಗೆ. ಕೆಳಗೆ ಹುಲ್ಲೂ ಏಳುವುದಿಲ್ಲ. ಅದು ಪಕ್ಕದ ಹೊಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಬೀದರಿನಲ್ಲಿ ಕೃಷ್ಣಮೃಗಕ್ಕೆ ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ಮಾತು ಕೆಲವು ವರ್ಷಗಳಿಂದ ನಡೆದಿದೆ. ಇದನ್ನು ಕೇಳಿದ ಕೂಡಲೇ ಕುರಿಗಾರರಿಗೆ ಒಂದೇ ಭಯ: ಬೇಲಿ ಬೀಳುತ್ತದೆ, ನಮ್ಮನ್ನು ಓಡಿಸುತ್ತಾರೆ. ಸೆರೆಂಗೆಟಿಯ ಕಥೆ ಓದಿದವರು ಈ ಭಯವನ್ನು ಮೂರ್ಖತನ ಅನ್ನಲಾರರು. ಆದರೆ ಕಾನೂನಿನಲ್ಲಿ ಒಂದು ವ್ಯತ್ಯಾಸವಿದೆ, ಅದು ನಮ್ಮ ಊರುಗಳಿಗೆ ತಿಳಿದಿರಬೇಕು. ರಾಷ್ಟ್ರೀಯ ಉದ್ಯಾನ ಬೇರೆ, ಅಭಯಾರಣ್ಯ ಬೇರೆ, ಸಂರಕ್ಷಣಾ ಮೀಸಲು ಬೇರೆ. ಮೂರನೆಯದನ್ನು 2002ರ ತಿದ್ದುಪಡಿಯಲ್ಲಿ 36ಎ ಕಲಂ ಆಗಿ ಸೇರಿಸಿದರು. ಇದನ್ನು ಸರ್ಕಾರಿ ಜಮೀನಿನಲ್ಲಿ ಮಾತ್ರ ಮಾಡಬಹುದು, ಮತ್ತು ಘೋಷಣೆಗೆ ಮೊದಲು ಸ್ಥಳೀಯ ಜನರೊಂದಿಗೆ ಸಮಾಲೋಚನೆ ಮಾಡಬೇಕು. ಅಲ್ಲಿ ವಾಸಿಸುವವರ ಹಕ್ಕು ಉದ್ಯಾನದಲ್ಲಿ ಹೋದ ಹಾಗೆ ಹೋಗುವುದಿಲ್ಲ. 36ಬಿ ಕಲಂ ಪ್ರಕಾರ ನಿರ್ವಹಣೆಗೆ ಒಂದು ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆ ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯ ಒಬ್ಬೊಬ್ಬರು, ಮೂರು ಜನ ಸಂಘ ಸಂಸ್ಥೆಯವರು, ಮತ್ತು ಆ ಪ್ರದೇಶ ಬರುವ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ.

ನನ್ನ ಅಭಿಪ್ರಾಯ ಕೇಳಿದರೆ, ಮೀಸಲು ಪ್ರದೇಶ ಬರಲಿ. ಗಾಯರಾಣ ಇನ್ನೊಬ್ಬರ ಪಹಣಿಗೆ ಸೇರುವುದಕ್ಕಿಂತ ಜಿಂಕೆಯ ಹೆಸರಿನಲ್ಲಾದರೂ ಹುಲ್ಲಾಗಿ ಉಳಿಯುವುದು ನಮ್ಮ ದನಗಳಿಗೂ ಒಳ್ಳೆಯದು. ಆದರೆ ಸಮಾಲೋಚನೆ ಅಂದರೆ ತಾಲ್ಲೂಕು ಕಚೇರಿಯಲ್ಲಿ ಚಹಾ ಕುಡಿದು ಸಹಿ ಹಾಕುವುದಲ್ಲ. ಗ್ರಾಮಸಭೆಯಲ್ಲಿ ನಕ್ಷೆ ಹಾಸಿ ಕೇಳಬೇಕಾದ ಪ್ರಶ್ನೆಗಳಿವೆ. ಯಾವ ಸರ್ವೆ ನಂಬರ್ ಒಳಗೆ ಬರುತ್ತದೆ? ಕುರಿ ಮೇಯಿಸುವ ತಿಂಗಳು ಯಾವವು, ದಾರಿ ಯಾವುದು? ಹುಲ್ಲು ಬೆಳೆಸುತ್ತೀರೋ, ಮರ ಹಚ್ಚುತ್ತೀರೋ? ಬೆಳೆ ಹಾನಿಯಾದರೆ ಪಂಚನಾಮೆಗೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ? ನೋಡಲು ಜನ ಬಂದರೆ ಟಿಕೆಟ್ಟಿನ ದುಡ್ಡು ಯಾವ ಖಾತೆಗೆ? ಪಂಚಾಯಿತಿಯ ಪ್ರತಿನಿಧಿ ಕುರಿಗಾರರಲ್ಲಿ ಒಬ್ಬರಾಗಬಹುದೇ, ಅಥವಾ ಎಂದಿನಂತೆ ಕುರಿ ಕಾಣದವರೇ?

ಅಲ್ಲಿಯವರೆಗೆ ನೋಡಬೇಕು ಅನ್ನುವವರಿಗೆ ಟಿಕೆಟ್ ಬೇಕಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ. ಬೈಕ್ ಅನ್ನು ದಾರಿಯಲ್ಲೇ ನಿಲ್ಲಿಸಿ, ಹೊಲಕ್ಕೆ ಇಳಿಸಬೇಡಿ, ಕಡಲೆ ತುಳಿಯಬೇಡಿ. ನಾಯಿ ಜೊತೆ ಬೇಡ. ಮರಿ ಇದ್ದ ಹೆಣ್ಣನ್ನು ವಿಡಿಯೊಗಾಗಿ ಬೆನ್ನಟ್ಟಬೇಡಿ. ಕರಿ ಗಂಡು ತಲೆ ಹಿಂದಕ್ಕೆ ಚೆಲ್ಲಿ, ಬಾಲ ಎತ್ತಿ, ತನ್ನ ಗಡಿಯ ಉದ್ದಕ್ಕೂ ನಡೆಯುವುದು ಕಾಣಬಹುದು. ಏನಾದರೂ ಸದ್ದಾದರೆ ಹಿಂಡೆಲ್ಲ ಒಂದರ ಹಿಂದೆ ಒಂದು ಗಾಳಿಯಲ್ಲಿ ಎದ್ದು ಜಿಗಿಯುತ್ತದೆ, ಗಂಟೆಗೆ 80 ಕಿಲೋಮೀಟರ್‌ವರೆಗೆ ಓಡಬಲ್ಲದು. ಅಷ್ಟು ವೇಗದಲ್ಲಿ ಅದನ್ನು ಹಿಡಿಯಬಲ್ಲ ಪ್ರಾಣಿ ಈ ಬಯಲಿನಲ್ಲಿ ಈಗ ಯಾವುದೂ ಇಲ್ಲ.